ಮನೆಗೆ ಬಂದ ನಾಯಿ ಮೂಲೆ ಬಿಟ್ಟು ಏಳ್ತಾನೇ ಇಲ್ಲ, ಏನು ಮಾಡೋದು?

ಹೊಸಿಲಾಚೆ:
ಎಲ್ಲರಿಗೂ ನಮಸ್ಕಾರ. ಪ್ರಾಣಿ ಆಶ್ರಯದಿಂದ ಒಂದು ಹೆಣ್ಣು ನಾಯಿ ದತ್ತು ತಗೊಂಡು ಕೆಲವೇ ದಿನ ಆಗಿದೆ. ಎರಡರಿಂದ ಮೂರು ವರ್ಷ ಇರಬಹುದು ಅಂತ ಅಲ್ಲಿಯವರ ಅಂದಾಜು. ಮೈಬಣ್ಣ ನೋಡಿ ಬೂದಿ ಅಂತ ಹೆಸರಿಟ್ವಿ. ನೋಡೋಕೆ ಹೋದಾಗ ಬಾಲ ಅಲ್ಲಾಡಿಸ್ಕೊಂಡು ಮಡಿಲಿಗೇ ಬಂದಿದ್ಳು. ಇಲ್ಲಿಗೆ ಬಂದ ಮೇಲೆ ಬೇರೆ ನಾಯಿನೇ. ವಾಷಿಂಗ್ ಮಷೀನ್‌ಗೂ ಗೋಡೆಗೂ ಮಧ್ಯದ ಸಂದಿಯಲ್ಲಿ ಸೇರ್ಕೊಂಡು, ಮುಖ ಗೋಡೆ ಕಡೆ ಮಾಡಿ ಮಲಗಿರ್ತಾಳೆ. ಕರೆದ್ರೆ ಕಿವಿ ಮಾತ್ರ ಹಿಂದಕ್ಕೆ ಹೋಗುತ್ತೆ, ತಿರುಗಿ ನೋಡಲ್ಲ. ತಟ್ಟೆ ಮುಂದಿಟ್ಟು ಕೂತ್ರೆ ಮುಟ್ಟಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧ ಖಾಲಿ. ಹೊರಗೆ ಕರ್ಕೊಂಡು ಹೋದ್ರೆ ಏನೂ ಮಾಡಲ್ಲ, ಒಳಗೆ ಬಂದ ತಕ್ಷಣ ಕಾಲೊರಸು ಮೇಲೆ ಉಚ್ಚೆ.

ಒಂದು ಸಲವೂ ಬೊಗಳಿಲ್ಲ, ಏನನ್ನೂ ಕಚ್ಚಿ ಹಾಳು ಮಾಡಿಲ್ಲ. ನೆಂಟರೆಲ್ಲ "ಎಷ್ಟು ಒಳ್ಳೇ ನಾಯಿ" ಅಂತಾರೆ. ನನಗೇನೋ ಅದು ಒಳ್ಳೇತನ ಅನ್ನಿಸ್ತಿಲ್ಲ. ಮಗನಿಗೆ ಏಳು ವರ್ಷ, ತಬ್ಕೋಬೇಕು ಅಂತ ಒಂದೇ ಹಟ. ಆಶ್ರಯಕ್ಕೆ ವಾಪಸ್ ಕೊಡೋ ಮಾತು ಮನೇಲಿ ಯಾರೂ ಬಾಯಿಬಿಟ್ಟು ಆಡಿಲ್ಲ, ಆದ್ರೆ ಎಲ್ಲರ ಮುಖದಲ್ಲೂ ಇದೆ. ಅನುಭವ ಇರೋರು ದಾರಿ ಹೇಳಿ.

ಮೆಲ್ಲಡಿ:
ನಿಮ್ಮ ಅನುಮಾನ ಸರಿ ಇದೆ. ಅದು ಒಳ್ಳೇತನ ಅಲ್ಲ, ಹೆದರಿಕೆಗೆ ಮೈ ಮರಗಟ್ಟಿ ಕೂತಿರೋದು. ಗಲಾಟೆ ಮಾಡೋ ನಾಯಿಗಿಂತ ಹೀಗೆ ಸದ್ದಿಲ್ಲದೆ ಇರೋ ನಾಯಿ ಬಗ್ಗೆನೇ ನಾನು ಹೆಚ್ಚು ಗಮನ ಇಡ್ತೀನಿ. ದತ್ತು ಹೋಗೋವರೆಗೆ ನಾಯಿಗಳನ್ನ ಮನೇಲಿ ಇಟ್ಕೊಂಡು ನೋಡ್ಕೊಳ್ಳೋ ಕೆಲಸ ವರ್ಷಗಳಿಂದ ಮಾಡ್ತಿದ್ದೀನಿ, ಗೋಡೆ ಕಡೆ ಮುಖ ಮಾಡಿ ಮಲಗೋವು ಬೇಕಾದಷ್ಟು ಬಂದು ಹೋಗಿವೆ.

ಈಗ ನೀವು ಮಾಡಬೇಕಾಗಿರೋದು ಬಹಳ ಕಡಿಮೆ, ಕಷ್ಟ ಇರೋದೂ ಅಲ್ಲೇ. ಕರೆಯೋದು ನಿಲ್ಲಿಸಿ. ತಟ್ಟೆ ಇಟ್ಟು ಎದುರಿಗೆ ಕೂರೋದು ನಿಲ್ಲಿಸಿ. ತಟ್ಟೆ ಇಡಿ, ಎದ್ದು ಹೋಗಿ. ನೀರು ಆ ಸಂದಿಗೆ ಹತ್ತಿರಾನೇ ಇರಲಿ. ನಿಮಗೆ ಕೂರಬೇಕು ಅನ್ನಿಸಿದ್ರೆ ಅದೇ ಕೋಣೇಲಿ ಅವಳಿಗೆ ಪಕ್ಕ ತಿರುಗಿ ಕೂತು ಏನಾದ್ರೂ ಓದ್ಕೊಳ್ಳಿ, ಕಣ್ಣಲ್ಲಿ ಕಣ್ಣಿಡಬೇಡಿ. ಆಗಾಗ ಅವಳ ಕಡೆ ನೋಡದೇನೇ ಒಂದು ತುಣುಕು ತಿನಿಸು ಉರುಳಿಸಿ. ತಿಂದಳೋ ಬಿಟ್ಟಳೋ ನೋಡೋಕೆ ಹೋಗಬೇಡಿ.

ಸ್ನಾನ ಬೇಡ. ನೆಂಟರು ಬೇಡ. ಇಡೀ ಮನೆ ಸುತ್ತಿಸಿ ತೋರಿಸೋದೂ ಬೇಡ, ಒಂದು ಕೋಣೆ ಸಾಕು. ಮಷೀನ್ ಸಂದಿ ಅವಳೇ ಆರಿಸ್ಕೊಂಡಿರೋದು, ಅದರಿಂದ ಎಳೆಯಬೇಡಿ. ಆದ್ರೆ ಮಷೀನ್ ಓಡಿಸೋ ಹೊತ್ತಿಗೆ ಕಷ್ಟ ಆಗುತ್ತಲ್ಲ, ಅದಕ್ಕೆ ಮನೆಯ ಯಾವುದಾದ್ರೂ ನಿಶ್ಶಬ್ದ ಮೂಲೇಲಿ, ಮೇಲೆ ಬಟ್ಟೆ ಹೊದಿಸಿದ ಮೇಜಿನ ಕೆಳಗೆ, ಹಾಸಿಗೆ ಹಾಕಿ ಇಡಿ. ತಾನಾಗಿ ಹೋಗ್ತಾಳೆ. ಅಲ್ಲಿವರೆಗೆ ಬಟ್ಟೆ ಕೈಯಲ್ಲಿ ಒಗೆಯೋದು ಅಂತ ಹೇಳಿದ್ರೆ ಬೈಬೇಡಿ.

ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ನೀವೂ ಕೇಳಿರ್ತೀರ. ಮೂರು ದಿನಕ್ಕೆ ಉಸಿರು ಬಿಡುತ್ತೆ, ಮೂರು ವಾರಕ್ಕೆ ದಿನಚರಿ ಗೊತ್ತಾಗುತ್ತೆ, ಮೂರು ತಿಂಗಳಿಗೆ ಮನೆಯ ನಾಯಿ ಆಗುತ್ತೆ ಅಂತ. ಆಶ್ರಯದವರು ಜನರಿಗೆ ತಾಳ್ಮೆ ಬರಲಿ ಅಂತ ಹೇಳೋ ಅಂದಾಜು ಅದು. ಬೂದಿ ಕ್ಯಾಲೆಂಡರ್ ನೋಡಲ್ಲ. ಮೂರು ವಾರ ಆದ್ರೂ ಸರಿಹೋಗಿಲ್ಲ ಅಂತ ಆಮೇಲೆ ಬಂದು ಗಾಬರಿ ಬೀಳಬೇಡಿ.

ಸ್ಟೆತಸ್ಕೋಪ್ ಜೇಬಲ್ಲಿ:
ಮೆಲ್ಲಡಿಯವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಒಂದನ್ನು ಸೇರಿಸುತ್ತೇನೆ, ಏಕೆಂದರೆ ನಾನು ಪಶುವೈದ್ಯೆ. ಮೂಲೆಯಿಂದ ಏಳದ ನಾಯಿಗೆ ಭಯವೇ ಇರಬೇಕೆಂದಿಲ್ಲ, ನೋವೂ ಇರಬಹುದು. ಕಿವಿಯ ಸೋಂಕು, ಹಲ್ಲಿನ ತೊಂದರೆ, ಹಳೆಯ ಮೂಳೆ ಪೆಟ್ಟು, ಉಣ್ಣಿ ಹುಳ ಕಚ್ಚಿ ಬರುವ ಜ್ವರ, ಇವೆಲ್ಲ ದತ್ತು ನಾಯಿಗಳಲ್ಲಿ ಸಾಮಾನ್ಯ. ಇತ್ತೀಚೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ ಹೊಲಿಗೆಯನ್ನೂ ನೋಡಬೇಕು.

ದೊಡ್ಡ ನಾಯಿ ಹೊಸ ಜಾಗದಲ್ಲಿ ಒಂದು ದಿನ ಊಟ ಬಿಟ್ಟರೆ ನನಗೆ ಗಾಬರಿಯಿಲ್ಲ. ಎರಡು ದಿನ ಪೂರ್ತಿ ಏನೂ ಮುಟ್ಟದಿದ್ದರೆ ತೋರಿಸಿ. ನೀರೇ ಕುಡಿಯದಿದ್ದರೆ, ವಾಂತಿ ಬೇಧಿ ಒಟ್ಟಿಗೆ ಇದ್ದರೆ, ಮಲದಲ್ಲಿ ರಕ್ತ ಇದ್ದರೆ, ವಸಡು ಬಿಳಿಚಿಕೊಂಡಿದ್ದರೆ ಅದೇ ದಿನ ಬನ್ನಿ. ಮರಿಯಾದರೆ ಈ ಲೆಕ್ಕ ಯಾವುದೂ ಇಲ್ಲ. ಮರಿಗಳಿಗೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ದಿನಗಳಲ್ಲ, ಗಂಟೆಗಳ ಲೆಕ್ಕದಲ್ಲಿ ಯೋಚಿಸಬೇಕು. ಒತ್ತಡದಿಂದಲೇ ಮೊದಲ ದಿನಗಳಲ್ಲಿ ಮಲ ತೆಳ್ಳಗಾಗುವುದುಂಟು. ಅದರ ಮೇಲೆ ಆಹಾರವನ್ನೂ ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುವುದು ಖಂಡಿತ. ಆಶ್ರಯದಲ್ಲಿ ಏನು ಕೊಡುತ್ತಿದ್ದರೋ ಅದನ್ನೇ ಸದ್ಯಕ್ಕೆ ಕೊಡಿ. ಬದಲಿಸುವುದಾದರೆ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ವಾರದಿಂದ ಹತ್ತು ದಿನ ತೆಗೆದುಕೊಳ್ಳಿ.

ಚರ್ಮದ ಕೆಳಗೆ ಗುರುತಿಗಾಗಿ ಕೂರಿಸುವ ಮೈಕ್ರೋಚಿಪ್ ಇದೆಯೇ ಎಂದು ಸ್ಕ್ಯಾನ್ ಮಾಡಿಸಿ. ಚಿಪ್‌ನಲ್ಲಿ ಇರುವುದು ಒಂದು ಸಂಖ್ಯೆ ಮಾತ್ರ, ಈಗಿನ ಅಂತರರಾಷ್ಟ್ರೀಯ ಮಾದರಿಯಲ್ಲಿ 15 ಅಂಕಿ. ಅದು ನಾಯಿ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಅಲ್ಲ. ನೋಂದಣಿಯಲ್ಲಿ ನಿಮ್ಮ ಫೋನ್ ನಂಬರ್ ಇಲ್ಲದಿದ್ದರೆ ಆ ಚಿಪ್ಪಿನಿಂದ ಯಾವ ಪ್ರಯೋಜನವೂ ಇಲ್ಲ. ಬಹಳ ಜನ ಇದನ್ನು ಮರೆಯುತ್ತಾರೆ.

ಶಿಸ್ತಿನ ಸಿಪಾಯಿ:
ಎಲ್ಲರೂ ಮುದ್ದು ಮಾಡಿ ನಾಯಿ ಕೆಡಿಸೋಕೆ ನಿಂತಿದ್ದೀರ. ನಮ್ಮನೇಲಿ ಯಾವಾಗಲೂ ನಾಯಿ ಇದೆ, ಒಂದೇ ನಿಯಮ. ಯಜಮಾನ ಯಾರು ಅಂತ ಮೊದಲ ದಿನಾನೇ ಗೊತ್ತಾಗಬೇಕು. ಪಟ್ಟಿ ಹಾಕಿ ಸಂದಿಯಿಂದ ಈಚೆ ಎಳೀರಿ, ಪಕ್ಕ ಕೂರಿಸ್ಕೊಳ್ಳಿ. ನೀವು ಉಂಡ ಮೇಲೆ ಅದಕ್ಕೆ ಊಟ. ಬಾಗಿಲಲ್ಲಿ ನೀವು ಮುಂದೆ, ಅದು ಹಿಂದೆ. ಗುರ್ ಅಂದ್ರೆ ನೆಲಕ್ಕೆ ಒತ್ತಿ ಹಿಡೀರಿ. ತೋಳದ ಗುಂಪಲ್ಲಿ ನಾಯಕ ಹಾಗೇ ಮಾಡೋದು.

ಬಾಲದ ಭಾಷೆ:
ಸಿಪಾಯಿ ಸಾರ್, ತೋಳದ ನಾಯಕನ ಕಥೆಯ ಮೂಲ ಎಲ್ಲಿದೆ ಅಂದ್ರೆ, 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋ ಪ್ರಾಣಿಶಾಸ್ತ್ರಜ್ಞ ಸೆರೆಯಲ್ಲಿದ್ದ ತೋಳಗಳನ್ನ ನೋಡಿ ಬರೆದ ಬರಹದಲ್ಲಿ. ಗುರುತು ಪರಿಚಯ ಇಲ್ಲದ ತೋಳಗಳನ್ನ ಒಂದೇ ಆವರಣದಲ್ಲಿ ಕೂಡಿಹಾಕಿದ್ರೆ ಕಿತ್ತಾಡದೆ ಇನ್ನೇನು ಮಾಡ್ತವೆ? ಆಮೇಲೆ ತೋಳಗಳ ಅಧ್ಯಯನ ಮಾಡೋ ವಿಜ್ಞಾನಿ ಡೇವಿಡ್ ಮೀಚ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸ್ವತಂತ್ರವಾಗಿ ಬದುಕೋ ತೋಳಗಳನ್ನ ವರ್ಷವರ್ಷ ಬೇಸಿಗೇಲಿ ಹೋಗಿ ನೋಡಿ, 1999ರಲ್ಲಿ ಬರೆದದ್ದು ಏನು ಗೊತ್ತಾ? ತೋಳದ ಗುಂಪು ಅಂದ್ರೆ ಬಹುಮಟ್ಟಿಗೆ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಪಟ್ಟಕ್ಕೆ ಬಡಿದಾಟ ಅನ್ನೋದು ಅಲ್ಲಿ ಇಲ್ಲ. ಮೊದಲು ತಾನೂ ಆ ನಾಯಕನ ಮಾತನ್ನೇ ಬಳಸಿ ಬರೆದಿದ್ದವರು ಅವರು. ಇನ್ನು ನಾಯಿ ತೋಳವೂ ಅಲ್ಲ, ನಾವು ನಾಯಿಯೂ ಅಲ್ಲ.

ಗುರ್ ಅಂದಾಗ ನೆಲಕ್ಕೆ ಒತ್ತಿದ್ರೆ ನಾಯಿ ಕಲಿಯೋದು ಒಂದೇ: ಗುರ್ ಅನ್ನಬಾರದು. ಹೆದರಿಕೆ ಎಲ್ಲೂ ಹೋಗಿರಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಹಲ್ಲು ಹಾಕುತ್ತೆ, ಆಗ ಮನೆಯವರು "ಏನೂ ಸೂಚನೆ ಇರಲಿಲ್ಲ, ಇದ್ದಕ್ಕಿದ್ದ ಹಾಗೆ ಕಚ್ಚಿತು" ಅಂತಾರೆ. ಸೂಚನೆ ಇತ್ತು, ನಾವೇ ಬಾಯಿ ಮುಚ್ಚಿಸಿದ್ವಿ.

ಬೂದಿ ಮನೆಯವರೇ, ಗುರ್‌ಗಿಂತ ಮುಂಚೆ ಬರೋ ಸಣ್ಣ ಸೂಚನೆಗಳನ್ನ ಕಲಿತ್ಕೊಳ್ಳಿ. ನಿದ್ದೆ ಬರದೇ ಇದ್ರೂ ಆಕಳಿಸೋದು, ತಿನ್ನೋಕೆ ಏನೂ ಇಲ್ಲದಿದ್ರೂ ಮೂಗು ನೆಕ್ಕಿಕೊಳ್ಳೋದು, ತಲೆ ಆ ಕಡೆ ತಿರುಗಿಸಿ ಕಣ್ಣು ಮಾತ್ರ ನಿಮ್ಮ ಕಡೆ ಇಟ್ಟಾಗ ಕಣ್ಣಂಚಲ್ಲಿ ಬಿಳಿ ಕಾಣೋದು, ಒಂದು ಮುಂಗಾಲು ಎತ್ತಿ ಹಿಡಿದು ನಿಲ್ಲೋದು. ಬಾಲ ಅಲ್ಲಾಡಿದ್ರೆ ಖುಷಿ ಅಂತಲೂ ಅಲ್ಲ. ಇಡೀ ಹಿಂಭಾಗ ಸಡಿಲವಾಗಿ ಅಲ್ಲಾಡಿದ್ರೆ ಖುಷಿ. ಕೆಳಗಿಳಿದ ಬಾಲದ ತುದಿ ಮಾತ್ರ ಬೇಗಬೇಗ ಆಡ್ತಿದ್ರೆ "ದಯವಿಟ್ಟು ಏನೂ ಮಾಡಬೇಡಿ" ಅಂತ. ಆಶ್ರಯದಲ್ಲಿ ಮಡಿಲಿಗೆ ಬಂದಾಗ ಬಾಲ ಹೇಗಿತ್ತು, ನೆನಪು ಮಾಡ್ಕೊಳ್ಳಿ.

ಶಿಸ್ತಿನ ಸಿಪಾಯಿ:
ಪುಸ್ತಕದ ಮಾತು ನಮಗೆ ಬೇಡ. ಸರಿ, ಎಳೆಯೋದು ಬೇಡ ಅಂತೀರಿ, ಬಿಡಿ. ಹಾಗಂತ ನಿಯಮಾನೇ ಬೇಡ್ವಾ? ಇವತ್ತು ಪಾಪ ಅಂತ ಸೋಫಾ ಮೇಲೆ ಹತ್ತಿಸಿ, ನಾಳೆ ಇಳಿ ಅಂತ ಬೈಯೋದು ಯಾವ ನ್ಯಾಯ?

ಬಾಲದ ಭಾಷೆ:
ಈ ಮಾತಿಗೆ ಕೈಮುಗಿದೆ. ನಿಯಮ ಬೇಕೇ ಬೇಕು, ಮೊದಲ ದಿನದಿಂದಲೇ ಬೇಕು, ಮನೆಯವರೆಲ್ಲರಿಗೂ ಒಂದೇ ಇರಬೇಕು. ಸೋಫಾ ಹತ್ತಬಹುದೋ ಇಲ್ಲವೋ ಅದು ನಿಮ್ಮಿಷ್ಟ, ಎರಡೂ ತಪ್ಪಲ್ಲ. ಅಪ್ಪ ಹತ್ತಿಸಿ ಅಮ್ಮ ಇಳಿಸಿದ್ರೆ ಮಾತ್ರ ನಾಯಿ ತಲೆ ಕೆಡುತ್ತೆ. ಊಟ, ನಡಿಗೆ, ನಿದ್ದೆ ಒಂದೇ ಹೊತ್ತಿಗೆ ಆದ್ರೆ ಮುಂದೇನು ಅಂತ ಅದಕ್ಕೆ ಗೊತ್ತಾಗುತ್ತೆ. ಮುಂದೇನು ಅಂತ ಗೊತ್ತಿರೋ ನಾಯಿಗೆ ಅರ್ಧ ಹೆದರಿಕೆ ಕಮ್ಮಿ.

ಹೊಸಿಲಾಚೆ:
ಇಷ್ಟೊಂದು ಬರೆದಿದ್ದಕ್ಕೆ ಧನ್ಯವಾದ. ಡಾಕ್ಟ್ರ ಹತ್ರ ಹೋಗಿ ಬಂದ್ವಿ. ಕಿವಿಯಲ್ಲಿ ಸೋಂಕು ಇದೆ ಅಂದ್ರು, ಔಷಧಿ ಶುರು ಆಗಿದೆ. ಚಿಪ್ ಇತ್ತು, ನಂಬರ್ ಇನ್ನೂ ಆಶ್ರಯದ್ದೇ ಇತ್ತು, ಬದಲಾಯಿಸಿದ್ವಿ. ಕರೆಯೋದು ನಿಲ್ಲಿಸಿದ್ದೀವಿ. ಮಗನಿಗೆ ಅದೇ ದೊಡ್ಡ ಶಿಕ್ಷೆ. ಉಚ್ಚೆ ವಿಷಯ ಮಾತ್ರ ಹಾಗೇ ಇದೆ. ಎಷ್ಟು ಹೊತ್ತು ಸುತ್ತಿಸಿದ್ರೂ ಹೊರಗೆ ಮಾಡಲ್ಲ.

ಮಧ್ಯರಾತ್ರಿ ವಾಕಿಂಗ್:
ಇದು ನನ್ನ ವಿಷಯ. ಹೊರಗೆ ಮಾಡದೆ ಇರೋದು ಹಟ ಅಲ್ಲ. ಬೆನ್ನು ಬಗ್ಗಿಸಿ ಕೂತಾಗ ನಾಯಿ ಓಡೋಕೆ ಆಗಲ್ಲ, ಜಾಗ ಸುರಕ್ಷಿತ ಅನ್ನಿಸದೆ ಅದು ಕೂರಲ್ಲ. ಒಳಗೆ ಬಂದು ಕಾಲೊರಸು ಮೇಲೆ ಮಾಡ್ತಾಳೆ ಅಂದ್ರೆ ಹೊರಗಿಗಿಂತ ಒಳಗೆ ಸ್ವಲ್ಪ ಧೈರ್ಯ ಬಂದಿದೆ ಅಂತಾಯ್ತು. ಆಶ್ರಯದಲ್ಲಿ ಬಟ್ಟೆ ಹಾಸಿನ ಮೇಲೇ ಮಾಡಿ ಅಭ್ಯಾಸ ಆಗಿರಲೂಬಹುದು.

ಸುತ್ತಿಸಬೇಡಿ. ಮನೆಗೆ ಹತ್ತಿರ, ಜನ ಗಾಡಿ ಇಲ್ಲದ ಒಂದೇ ಒಂದು ಜಾಗ ಗೊತ್ತು ಮಾಡ್ಕೊಳ್ಳಿ, ಮಣ್ಣೋ ಹುಲ್ಲೋ ಇದ್ರೆ ಒಳ್ಳೇದು. ಅಲ್ಲಿಗೆ ಹೋಗಿ ಮರದ ಥರ ನಿಂತ್ಬಿಡಿ. ಫೋನ್ ನೋಡ್ತಿರಿ, ಅವಳನ್ನ ನೋಡಬೇಡಿ. ಹತ್ತು ನಿಮಿಷಕ್ಕೆ ಏನೂ ಆಗಲಿಲ್ಲ ಅಂದ್ರೆ ಒಳಗೆ ಬನ್ನಿ, ಆದ್ರೆ ಲೀಶ್ (ಕೈಯಲ್ಲಿ ಹಿಡಿಯೋ ಹಗ್ಗ) ಬಿಚ್ಚಬೇಡಿ, ಪಕ್ಕದಲ್ಲೇ ಇಟ್ಕೊಂಡು ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಜಾಗ. ನಿದ್ದೆಯಿಂದ ಎದ್ದ ತಕ್ಷಣ, ತಿಂದು ಸ್ವಲ್ಪ ಹೊತ್ತಿಗೆ, ಆಟ ಆದ ಮೇಲೆ, ಈ ಮೂರು ಹೊತ್ತು ತಪ್ಪಿಸಬೇಡಿ. ಒಳಗೆ ಮಾಡಿದ ಒದ್ದೆ ಬಟ್ಟೆಯ ತುಂಡು ಒಂದನ್ನ ಆ ಜಾಗದಲ್ಲಿ ಇಟ್ಟು ನೋಡಿ, ವಾಸನೆ ಅವಳಿಗೆ ದಾರಿ ತೋರಿಸುತ್ತೆ. ಹೊರಗೆ ಮಾಡಿದ ದಿನ ಮುಗಿಯೋವರೆಗೂ ಸುಮ್ಮನಿರಿ, ಮುಗಿದ ಮರುಕ್ಷಣ ಅಲ್ಲೇ ಒಳ್ಳೇ ತಿನಿಸು ಕೊಡಿ. ಮನೆಗೆ ಬಂದು ಕೊಟ್ರೆ ಯಾಕೆ ಕೊಟ್ರಿ ಅಂತ ಅವಳಿಗೆ ಗೊತ್ತಾಗಲ್ಲ.

ಕಾಲೊರಸು ಸದ್ಯಕ್ಕೆ ಎತ್ತಿಡಿ. ನೆಲ ಒರೆಸೋಕೆ ಅಮೋನಿಯಾ ಇರೋ ಕ್ಲೀನರ್ ಬಳಸಬೇಡಿ, ಅದರ ವಾಸನೆ ನಾಯಿ ಮೂಗಿಗೆ ಉಚ್ಚೆ ಥರಾನೇ. ಉಚ್ಚೆ ವಾಸನೆಯನ್ನೇ ಒಡೆದು ಹಾಕೋ ಎನ್‌ಜೈಮ್ ಇರೋ ಕ್ಲೀನರ್ ಬೇಕು. ಉಚ್ಚೆಗೆ ಮೂತಿ ತಿಕ್ಕೋದು ಗಿಕ್ಕೋದು ಅಂತ ಯಾರಾದ್ರೂ ಹೇಳಿದ್ರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಬಿಡಿ. ಆಗ ಕಲಿಯೋದು ನಿಮ್ಮೆದುರು ಮಾಡಬಾರದು ಅಂತ ಮಾತ್ರ. ಆಮೇಲೆ ಹೊರಗೆ ನೀವು ಲೀಶ್ ಹಿಡಿದು ನಿಂತಾಗಲೂ ಮಾಡಲ್ಲ.

ಓಟದ ಸಾಕ್ಷಿ:
ಊಟ ಉಚ್ಚೆ ಎಲ್ಲ ಇರಲಿ, ಯಾರೂ ಬಾಗಿಲ ಬಗ್ಗೆ ಮಾತಾಡಲಿಲ್ಲವಲ್ಲ! ಕಳೆದುಹೋದ ನಾಯಿಗಳನ್ನ ಹುಡುಕೋ ಸ್ವಯಂಸೇವಕರ ಗುಂಪಲ್ಲಿದ್ದೀನಿ. ಹೊಸದಾಗಿ ದತ್ತು ಹೋದ ನಾಯಿಗಳು ಪದೇಪದೇ ನಮ್ಮ ಪಟ್ಟಿಗೆ ಬರ್ತವೆ. ಅವಕ್ಕೆ ಈ ಮನೆ ಇನ್ನೂ ತಮ್ಮದಲ್ಲ, ತಪ್ಪಿಸಿಕೊಂಡ್ರೆ ವಾಪಸ್ ಬರೋಕೆ ದಾರಿಯೂ ಗೊತ್ತಿಲ್ಲ, ಹೆಸರು ಕರೆದ್ರೆ ಅದು ತನ್ನ ಹೆಸರು ಅಂತಲೂ ಗೊತ್ತಿಲ್ಲ.

ಹೆದರಿದ ನಾಯಿ ಮುಂದಕ್ಕೆ ಎಳೆದು ತಪ್ಪಿಸಿಕೊಳ್ಳೋದು ಕಮ್ಮಿ. ಹಿಂದಕ್ಕೆ ಜಗ್ಗುತ್ತೆ. ಗಾಡಿ ಸದ್ದಿಗೆ ಬೆಚ್ಚಿ, ಮುಂಗಾಲು ನೆಲಕ್ಕೆ ಊರಿ, ತಲೆ ತಗ್ಗಿಸಿ, ಬೆನ್ನು ಕಮಾನು ಮಾಡಿ ಹಿಂದೆ ಹಿಂದೆ ಸರಿಯುತ್ತೆ. ನೀವು ಲೀಶ್ ಬಿಗಿಯಾಗಿ ಎಳೀತೀರ. ಆ ಎಳೆತಕ್ಕೆ ಕೊರಳಪಟ್ಟಿ ಕಿವಿ ದಾಟಿ ಸುಳಕ್ ಅಂತ ಕಳಚ್ಕೊಳ್ಳುತ್ತೆ. ಕಣ್ಣು ಮಿಟುಕಿಸೋದರೊಳಗೆ ನಿಮ್ಮ ಕೈಯಲ್ಲಿ ಖಾಲಿ ಪಟ್ಟಿ. ಎದೆ ಸುತ್ತ ಹಾಕೋ ಹಾರ್ನೆಸ್ ಆದ್ರೂ ಅಷ್ಟೇ, ಸಡಿಲ ಇದ್ರೆ ಮೊಣಕೈ ಮಡಚಿ ಈಚೆ ಬಂದ್ಬಿಡ್ತವೆ. ಅದಕ್ಕೆ ಎರಡು ಕಡೆ ಕಟ್ಟಬೇಕು: ಎಳೆದಾಗ ಮಿತಿಯೊಳಗೆ ಬಿಗಿಯಾಗೋ ಮಾರ್ಟಿಂಗೇಲ್ ಪಟ್ಟಿಗೆ ಒಂದು ಕೊಂಡಿ, ಹೊಟ್ಟೆಗೂ ಪಟ್ಟಿ ಬರೋ ಹಾರ್ನೆಸ್‌ಗೆ ಇನ್ನೊಂದು. ಹಿಂದೆ ಜಗ್ಗಿದಾಗ ನೀವು ಎಳೀಬೇಡಿ, ಅವಳ ಕಡೆಗೇ ಎರಡು ಹೆಜ್ಜೆ ಹೋಗಿ ಲೀಶ್ ಸಡಿಲ ಬಿಡಿ. ಹಿಡಿಕೆಯೊಳಗೆ ತಾನೇ ಸುತ್ತಿಕೊಳ್ಳೋ ಲೀಶ್ ಬೇಡವೇ ಬೇಡ. ಕೈತಪ್ಪಿ ಬಿದ್ರೆ ಆ ಪ್ಲಾಸ್ಟಿಕ್ ಹಿಡಿಕೆ ಟಕಟಕ ಅಂತ ಬೆನ್ನಟ್ಟಿಕೊಂಡು ಬರುತ್ತೆ, ನಾಯಿ ಇನ್ನೂ ಹೆದರಿ ಓಡುತ್ತೆ.

ಮನೆ ಬಾಗಿಲು ತೆಗೆಯೋ ಮೊದಲು ಒಳಗಿನ ಇನ್ನೊಂದು ಬಾಗಿಲೋ ಗೇಟೋ ಮುಚ್ಚಿರಬೇಕು. ಕೊರಳಲ್ಲಿ ಫೋನ್ ನಂಬರ್ ಇರೋ ಬಿಲ್ಲೆ ಇವತ್ತೇ ಹಾಕಿ.

ಅಕಸ್ಮಾತ್ ಓಡಿದ್ರೆ ಅಟ್ಟಿಸಿಕೊಂಡು ಹೋಗಬೇಡಿ, ಗುಂಪು ಕಟ್ಟಿಕೊಂಡು ಕೂಗಬೇಡಿ. ಕಂಡ ಜಾಗದಲ್ಲಿ ಪಕ್ಕ ತಿರುಗಿ ನೆಲದ ಮೇಲೆ ಕೂತು ತಿನಿಸು ಎಸೀರಿ. ಕಾಣದೇ ಹೋದ್ರೆ ಅವಳ ಹಾಸಿಗೆ, ನಿಮ್ಮ ತೊಟ್ಟ ಬಟ್ಟೆ, ಊಟ, ಇವನ್ನ ಕೊನೇ ಸಲ ಕಂಡ ಜಾಗದಲ್ಲಿ ಇಟ್ಟು ಸದ್ದಿಲ್ಲದ ರಾತ್ರಿ ಹೊತ್ತಲ್ಲಿ ಕಾಯಿರಿ.

ಬೆಕ್ಕಿನ ಪಕ್ಷ:
ಬೆಕ್ಕಿದ್ದವರಿಗೂ ಎರಡು ಮಾತು ಸೇರಿಸ್ತೀನಿ. ಮೊದಲು ವಾಸನೆ ಪರಿಚಯ, ಹಾಸಿಗೆ ಬಟ್ಟೆ ಅದಲುಬದಲು. ಆಮೇಲೆ ನಡುವೆ ಗೇಟ್ ಇಟ್ಟು ನೋಟ, ನಾಯಿ ಲೀಶ್‌ನಲ್ಲಿ, ಬೆಕ್ಕಿಗೆ ಹತ್ತಿ ಕೂರೋಕೆ ಎತ್ತರದ ಜಾಗ. ನಾಯಿ ಮೈ ಸೆಟೆದು ರೆಪ್ಪೆ ಮಿಟುಕಿಸದೆ ನೋಡ್ತಿದ್ರೆ ಅವತ್ತಿಗೆ ಸಾಕು ಮಾಡಿ. ಮನೇಲಿ ಇನ್ನೊಂದು ನಾಯಿ ಇದ್ರೆ ಮನೆಯೊಳಗೆ ಎದುರಾಎದುರು ತರಬೇಡಿ, ಇಬ್ಬರದೂ ಅಲ್ಲದ ಹೊರಗಿನ ಜಾಗದಲ್ಲಿ ದೂರದೂರ ಸಮಾನಾಂತರ ನಡೆಸಿ ನಿಧಾನಕ್ಕೆ ಹತ್ತಿರ ತನ್ನಿ.

ಬಾಗಿಲಿಲ್ಲದ ಗೂಡು:
ಕ್ರೇಟ್ (ನಾಯಿ ಮಲಗೋ ಕಂಬಿಯ ಗೂಡು) ತರಿಸಿ ಅಂತ ಯಾರೂ ಹೇಳಲಿಲ್ವಲ್ಲ? ನಮ್ಮ ನಾಯಿಗೆ ಅದೇ ಅರಮನೆ. ಹೆದರಿದಾಗ ಓಡಿ ಹೋಗಿ ಅದರೊಳಗೆ ಮಲಗುತ್ತೆ.

ಮೆಲ್ಲಡಿ:
ಕ್ರೇಟ್ ಒಳ್ಳೇದೇ, ಬಾಗಿಲು ತೆಗೆದಿದ್ದು ಒಳಗೆ ಊಟ ಸಿಗೋ ಹಾಗಿದ್ರೆ. ಆಶ್ರಯದ ಪಂಜರದಲ್ಲಿ ತಿಂಗಳುಗಟ್ಟಲೆ ಇದ್ದ ಕೆಲವು ನಾಯಿಗಳಿಗೆ ಕಂಬಿ ಕಂಡ್ರೇ ಉಸಿರು ಕಟ್ಟುತ್ತೆ. ಬಾಗಿಲು ಹಾಕಿದ ತಕ್ಷಣ ಜೊಲ್ಲು ಸುರಿಸಿ, ಕಂಬಿ ಕಚ್ಚಿ ಹಲ್ಲು ಮುರ್ಕೊಂಡವೂ ಇವೆ. ಬೂದಿ ಇದರಲ್ಲಿ ಯಾವ ಥರದವಳು ಅಂತ ಗೊತ್ತಾಗೋವರೆಗೆ ಬಾಗಿಲು ಹಾಕೋದು ಬೇಡ. ನಿಮ್ಮ ಹೆಸರೇ ಬಾಗಿಲಿಲ್ಲದ ಗೂಡು ಅಂತಿದೆ, ನಿಮಗೆ ನಾನು ಹೇಳೋದೇನು!

ಹೊಸಿಲಾಚೆ:
ಸುದ್ದಿ ಇದೆ. ಬೂದಿ ಸಂದಿ ಬಿಟ್ಟು ಮೇಜಿನ ಕೆಳಗೆ ಬಂದಿದ್ದಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯೆಲ್ಲ ಓಡಾಡ್ತಾಳೆ, ಉಗುರಿನ ಸದ್ದು ಕೇಳಿಸುತ್ತೆ. ನಿನ್ನೆ ನಾನು ನಿದ್ದೆ ಬಂದ ಹಾಗೆ ಮಲಗಿದ್ದಾಗ ಹಾಸಿಗೆ ಪಕ್ಕ ಬಂದು ನನ್ನ ಕೈ ಮೂಸಿದ್ಳು, ಮೂಗು ತಣ್ಣಗಿತ್ತು. ಹೊರಗಿನ ಜಾಗದಲ್ಲಿ ಒಂದೆರಡು ಸಲ ಉಚ್ಚೆಯೂ ಆಯ್ತು. ಮಗನ ತಬ್ಬೋ ಹಟಕ್ಕೆ ಏನಾದ್ರೂ ಉಪಾಯ ಹೇಳಿ, ಅವನು ದಿನಾ ಅಳ್ತಾನೆ.

ಬಾಲದ ಭಾಷೆ:
ತಬ್ಬೋದು ನಮಗೆ ಪ್ರೀತಿ, ನಾಯಿಗೆ ಅದು ಅಲ್ಲಾಡೋಕೆ ಬಿಡದ ಹಿಡಿತ. ಅದರಲ್ಲೂ ಮಕ್ಕಳ ಮುಖ ನೇರ ನಾಯಿಯ ಹಲ್ಲಿನ ಎತ್ತರಕ್ಕೆ ಬರುತ್ತೆ. ಹಾಗಾಗಿ ತಬ್ಬೋದು ಸದ್ಯಕ್ಕಿಲ್ಲ, ಮಲಗಿದ್ದಾಗ ತಿನ್ನುವಾಗ ಮುಟ್ಟೋದಿಲ್ಲ, ಮೇಜಿನ ಕೆಳಗೆ ನುಗ್ಗೋದಿಲ್ಲ. ಇವು ಮೂರಕ್ಕೆ ರಿಯಾಯಿತಿ ಇಲ್ಲ. ದೊಡ್ಡವರು ಒಬ್ಬರು ಕೋಣೇಲಿ ಇಲ್ಲದೆ ಅವರಿಬ್ಬರನ್ನೇ ಬಿಡೋದೂ ಇಲ್ಲ.

ಬರೀ ಬೇಡ ಬೇಡ ಅಂದ್ರೆ ಹುಡುಗ ಅಳ್ತಾನೆ, ನಿಜ. ಅವನಿಗೊಂದು ಕೆಲಸ ಕೊಡಿ. ಮೇಜಿನಿಂದ ಸ್ವಲ್ಪ ದೂರ ಕೂತು ಬೂದಿಗೆ ಪಾಠದ ಪುಸ್ತಕ ಗಟ್ಟಿಯಾಗಿ ಓದಿ ಹೇಳಲಿ. ಓದೋ ದನಿ ಏಕತಾನವಾಗಿ ಇರುತ್ತೆ, ಅವಳಿಗೆ ಅವನ ಸದ್ದು ಅಭ್ಯಾಸ ಆಗುತ್ತೆ, ಅವನ ಓದೂ ಆಗುತ್ತೆ. ಅವಳಾಗಿ ಬಂದ ದಿನ ಮೂರರ ಆಟ ಕಲಿಸಿ: ತಲೆ ಮೇಲಿಂದ ಅಲ್ಲ, ಎದೆಯ ಪಕ್ಕ ಮೂರು ಎಣಿಸೋವರೆಗೆ ಸವರಿ ಕೈ ತೆಗೀಬೇಕು. ಅವಳು ಇನ್ನೂ ಹತ್ತಿರ ಬಂದ್ರೆ, ಕೈಗೆ ಮೂತಿ ತಾಗಿಸಿದ್ರೆ, ಇನ್ನೊಂದು ಮೂರು. ದೂರ ಸರಿದ್ರೆ, ಮೂಗು ನೆಕ್ಕಿದ್ರೆ ಆಟ ಮುಗೀತು. ಮಕ್ಕಳಿಗೆ ನಿಯಮ ಇರೋ ಆಟ ಅಂದ್ರೆ ಇಷ್ಟ. ದೊಡ್ಡವರೇ ಇದನ್ನ ಪಾಲಿಸಲ್ಲ.

ಬೀಗದಕೈ:
ರಜೆ ಹಾಕಿ ಮನೇಲೇ ಇದ್ದೀರ ಅನ್ಸುತ್ತೆ? ಹಾಗಿದ್ರೆ ಈಗಲೇ ಇನ್ನೊಂದು ಕೆಲಸ ಶುರು ಮಾಡಿ. ರಜೆಯುದ್ದಕ್ಕೂ ಜೊತೇಲೇ ಇದ್ದು, ಒಂದು ಸೋಮವಾರ ಬೆಳಿಗ್ಗೆ ಬೀಗ ಹಾಕಿ ಇಡೀ ದಿನ ಹೋದ್ರೆ ಯಾವ ನಾಯಿ ತಡೆಯುತ್ತೆ? ಈಗಿನಿಂದ ಬೀಗದಕೈ ಎತ್ತೋದು, ಚಪ್ಪಲಿ ಹಾಕೋದು, ಮತ್ತೆ ಬಂದು ಕೂರೋದು. ಬಾಗಿಲಾಚೆ ಹೋಗಿ ಉಸಿರು ಬಿಟ್ಟು ಒಳಗೆ ಬರೋದು. ಅವಳು ತಲೆ ಎತ್ತಿ ನೋಡೋದೂ ಬಿಟ್ಟಳು ಅಂದ ಮೇಲೆ ಅರ್ಧ ನಿಮಿಷ, ಆಮೇಲೆ ಎರಡು, ಐದು. ಕೆಲವೊಮ್ಮೆ ಹಿಂದಕ್ಕೂ ಬರಬೇಕು, ದಿನಾ ಹೆಚ್ಚಿಸ್ತಾನೇ ಹೋಗಬೇಡಿ. ಹಳೇ ಫೋನ್ ಕ್ಯಾಮೆರಾ ಆನ್ ಮಾಡಿಟ್ಟು ಹೋಗಿ. ಬಾಗಿಲ ಹತ್ರ ಏದುಸಿರು, ಜೊಲ್ಲು, ಶತಪಥ ಕಂಡ್ರೆ ಆ ಹೊತ್ತು ಅವಳಿಗೆ ಜಾಸ್ತಿ ಆಯ್ತು ಅಂತ.

ಇದು ಬೇಸರಕ್ಕೆ ಚಪ್ಪಲಿ ಕಚ್ಚೋದಲ್ಲ, ನಿಜವಾದ ಗಾಬರಿ. ಆ ಮಟ್ಟಕ್ಕೆ ಹೋದ್ರೆ ಅಭ್ಯಾಸ ಒಂದೇ ಸಾಲದು.

ಸ್ಟೆತಸ್ಕೋಪ್ ಜೇಬಲ್ಲಿ:
ಹೌದು, ಆ ಮಟ್ಟದ ಒಂಟಿತನದ ಗಾಬರಿಗೆ ಫ್ಲುಯಾಕ್ಸೆಟೀನ್, ಕ್ಲೋಮಿಪ್ರಮೀನ್ ಥರದ ಔಷಧಿಗಳಿವೆ. ತರಬೇತಿಯ ಜೊತೆಗೆ ಕೊಡುವಂಥವು, ಪರಿಣಾಮ ಕಾಣಲು ವಾರಗಳು ಬೇಕು. ಔಷಧಿ ಅಂದರೆ ನಾಯಿಯನ್ನು ಮಂಪರಾಗಿ ಮಲಗಿಸಿಡುವುದು ಎಂದು ಜನ ತಿಳಿದಿದ್ದಾರೆ, ಹಾಗಲ್ಲ. ಮನುಷ್ಯರ ಮಾತ್ರೆ ಮನೆಯಲ್ಲಿದೆ ಎಂದು ನೀವೇ ಕೊಡಬೇಡಿ.

ಟೇಪ್ ರೆಕಾರ್ಡರ್:
ಹಾಡು ಹಾಕಿಟ್ಟು ಹೋದ್ರೆ ಪ್ರಯೋಜನ ಇದ್ಯಾ? ಎಲ್ಲೋ ಓದಿದ ನೆನಪು.

ಬಾಲದ ಭಾಷೆ:
ಸ್ವಲ್ಪ ಇದೆ. ಸ್ಕಾಟ್ಲೆಂಡ್‌ನ ಆಶ್ರಯವೊಂದರ ನಾಯಿಗಳ ಮೇಲೆ ಮಾಡಿದ ಅಧ್ಯಯನ 2017ರಲ್ಲಿ ಬಂತು. ಸಂಗೀತ ಇದ್ದಾಗ ನಾಯಿಗಳು ಹೆಚ್ಚು ಹೊತ್ತು ಮಲಗಿದ್ವು, ಎದೆಬಡಿತದ ಲೆಕ್ಕದಲ್ಲಿ ಸಾಫ್ಟ್ ರಾಕ್ ಮತ್ತು ರೆಗೇ ಮುಂದೆ ಇದ್ವು. ಬೊಗಳೋದು ಮಾತ್ರ ಹಾಡು ಇದ್ದಾಗ ಕಮ್ಮಿ ಆಗಲಿಲ್ಲ, ನಿಲ್ಲಿಸಿದ ತಕ್ಷಣ ಜಾಸ್ತಿ ಆಯ್ತು. ಒಂದೇ ಥರದ್ದು ದಿನಾ ಹಾಕಿದ್ರೆ ಅಭ್ಯಾಸ ಆಗಿ ಪರಿಣಾಮ ಇಳಿಯುತ್ತೆ. ನೀವು ಹೊರಗೆ ಹೋಗುವಾಗ ಮಾತ್ರ ಹಾಕ್ತೀರಿ ಅಂದ್ರೆ ಹಾಡೇ ಹೊರಡೋ ಸೂಚನೆ ಆಗಿಬಿಡುತ್ತೆ, ಮನೇಲಿದ್ದಾಗಲೂ ಹಾಕ್ತಿರಿ.

ಹೊಸಿಲಾಚೆ:
ಮತ್ತೆ ಬಂದೆ. ಕೆಲವು ವಾರ ಆಯ್ತು. ಈಗ ಬೇರೇನೇ ಸಮಸ್ಯೆ! ಕಾಲುಚೀಲ ಕದ್ದು ಮೇಜಿನ ಕೆಳಗೆ ಒಯ್ದು, ತೆಗೆಯೋಕೆ ಹೋದ್ರೆ ಗುರ್ ಅಂತಾಳೆ. ಕೊರಿಯರ್ ಹುಡುಗ ಬೆಲ್ ಒತ್ತಿದ್ರೆ ಮನೆ ಹಾರಿಹೋಗೋ ಹಾಗೆ ಬೊಗಳ್ತಾಳೆ. ಮೊದಲು ಎಷ್ಟು ಸುಮ್ಮನಿದ್ಳು. ನಾವೇ ಕೆಡಿಸಿದ್ವಾ?

ಶಿಸ್ತಿನ ಸಿಪಾಯಿ:
ನಾನು ಹೇಳಿದ್ದೆ.

ಮೆಲ್ಲಡಿ:
ಕೆಡಿಸಿಲ್ಲ. ಅವಳಿಗೆ ಈಗ ಬಾಯಿ ಬಂದಿದೆ, ಅಷ್ಟೇ. ಮೊದಲು ತೋರಿಸಿದ್ದು ಅವಳ ಸ್ವಭಾವ ಅಲ್ಲ, ಈಗ ಕಾಣ್ತಿರೋದು ಸ್ವಭಾವ. ಕಾಲುಚೀಲ ಕದ್ದು ಓಡೋ ಧೈರ್ಯ ಬಂತು ಅಂತ ನಾನಾದ್ರೆ ಮನಸ್ಸಲ್ಲೇ ಖುಷಿ ಪಡ್ತೀನಿ. ಹಾಗಂತ ಸುಮ್ಮನೆ ಬಿಡೋದಲ್ಲ.

ಬಾಯಿಂದ ಕಿತ್ಕೋಬೇಡಿ. ಅಮೆರಿಕದಲ್ಲಿ 2009ರಲ್ಲಿ ಬಂದ ಒಂದು ಸಮೀಕ್ಷೆ ಇದೆ, ನಡವಳಿಕೆ ತೊಂದರೆ ಅಂತ ತಜ್ಞರ ಹತ್ರ ಬಂದ ನಾಯಿಗಳ ಮನೆಯವರನ್ನ ಕೇಳಿದ್ದು. ಬಾಯಲ್ಲಿದ್ದನ್ನ ಬಲವಂತವಾಗಿ ಬಿಡಿಸೋಕೆ ಹೋದಾಗ ನಾಯಿ ತಿರುಗಿಬಿತ್ತು ಅಂದವರು 39 ಶೇಕಡಾ. ಹೊಡೆದು ಒದ್ದಾಗ 43. ಸಿಪಾಯಿಯವರು ಹೇಳಿದ ಹಾಗೆ ನೆಲಕ್ಕೆ ಉರುಳಿಸಿ ಒತ್ತಿದಾಗ 31.

ಅದರ ಬದಲು ವ್ಯಾಪಾರ ಮಾಡಿ. ಕಾಲುಚೀಲಕ್ಕಿಂತ ರುಚಿಯಾದದ್ದು ಕೈಯಲ್ಲಿ ಇರಲಿ. ಹತ್ತಿರ ಹೋಗಬೇಡಿ, ಮೇಜಿನಿಂದ ದೂರಕ್ಕೆ ಒಂದು ತುಣುಕು, ಇನ್ನೂ ದೂರಕ್ಕೆ ಇನ್ನೊಂದು. ಅವಳು ಅದನ್ನ ಹೆಕ್ಕುತ್ತಾ ಈಚೆ ಬಂದಾಗ ಇನ್ನೊಬ್ಬರು ಸದ್ದಿಲ್ಲದೆ ಕಾಲುಚೀಲ ತೆಗೀಲಿ. ಅಪಾಯ ಇಲ್ಲದ ವಸ್ತು ಆದ್ರೆ ಮತ್ತೆ ಅವಳಿಗೇ ಕೊಡಿ, ಆಗ ನೀವು ಬರೋದು ಅಂದ್ರೆ ಕಳ್ಕೊಳ್ಳೋದು ಅಂತ ಅನ್ನಿಸಲ್ಲ. ಊಟದ ತಟ್ಟೆಗೆ ಕೈ ಹಾಕಿ ಪರೀಕ್ಷೆ ಮಾಡೋರು ಕೆಲವರಿದ್ದಾರೆ, ಅದು ಬೇಡ. ಪಕ್ಕದಲ್ಲಿ ಹಾದು ಹೋಗುವಾಗ ತಟ್ಟೆಗೆ ಇನ್ನೇನೋ ಒಳ್ಳೇದು ಬೀಳಿಸಿ ಹೋಗಿ, ಕೈ ಬಂದ್ರೆ ಲಾಭ ಅಂತ ಅವಳೇ ಕಾಯ್ತಾಳೆ. ಮತ್ತೆ ಕಾಲುಚೀಲ ನೆಲದ ಮೇಲೆ ಬಿಡಬೇಡಿ ಅಂತ ಹೇಳಬೇಕಾ?

ಬೊಗಳೋದಕ್ಕೆ ಮುಂಚೆ ಆ ದಿನ ಇನ್ನೇನೇನು ಆಗಿತ್ತು ಅಂತಲೂ ನೋಡಿ. ಬೆಳಿಗ್ಗೆ ಕಿವಿಗೆ ಔಷಧಿ, ಮಧ್ಯಾಹ್ನ ಪಕ್ಕದ ಮನೆ ಡ್ರಿಲ್ಲಿಂಗ್, ಸಂಜೆ ಮಗನ ಗೆಳೆಯರು, ಆಮೇಲೆ ಬೆಲ್. ಮೊದಲೇ ತುಂಬಿದ ಕೊಡಕ್ಕೆ ಬೆಲ್ ಅನ್ನೋದು ಕೊನೇ ಚೊಂಬು. ಒತ್ತಡದ ಹಾರ್ಮೋನು ಗಂಟೆ ಹೊಡೆದ ಹಾಗೆ ಇಳಿಯಲ್ಲ. ಆಶ್ರಯಕ್ಕೆ ಹೊಸದಾಗಿ ಬಂದ ನಾಯಿಗಳಲ್ಲಿ ಕಾರ್ಟಿಸಾಲ್ ಅನ್ನೋ ಈ ಹಾರ್ಮೋನು ಮೊದಲ ಮೂರು ದಿನ ಏರಿಯೇ ಇರುತ್ತೆ ಅಂತ ಅಳೆದು ನೋಡಿದ್ದಾರೆ. ಅಂಥ ದಿನ ಆದ ಮೇಲೆ ಮಾರನೇ ದಿನ ನಡಿಗೆಗೆ ರಜಾ ಕೊಟ್ಟು, ಅಗಿಯೋಕೆ ನೆಕ್ಕೋಕೆ ಏನಾದ್ರೂ ಕೊಟ್ಟು ಮಲಗೋಕೆ ಬಿಡಿ. ಬೆಳೆದ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗೋದು ಸೋಮಾರಿತನ ಅಲ್ಲ.

ಮಧ್ಯರಾತ್ರಿ ವಾಕಿಂಗ್:
ಬೆಲ್‌ಗೆ ನಾನು ಮಾಡಿದ್ದು: ಬೆಲ್ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ, ಕೇಳಿಸೋದೋ ಇಲ್ಲವೋ ಅನ್ನೋ ಮಟ್ಟದಲ್ಲಿ ಹಾಕೋದು, ತಕ್ಷಣ ತಿನಿಸು. ಸದ್ದು ಮೊದಲು, ತಿನಿಸು ಆಮೇಲೆ, ಈ ಕ್ರಮ ತಪ್ಪಬಾರದು. ನಿಧಾನಕ್ಕೆ ಸದ್ದು ಏರಿಸೋದು. ಅಷ್ಟರವರೆಗೆ ನಿಜವಾದ ಬೆಲ್‌ನ ತಂತಿ ತೆಗೆದು, ಬಂದವರು ಫೋನ್ ಮಾಡಲಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಬಂದವರೆಲ್ಲ ಚೀಟಿ ಓದಿ, ಆಮೇಲೆ ಬಾಗಿಲು ಬಡೀತಿದ್ರು, ಅದು ಬೇರೆ ಮಾತು.

ಹೊಸಿಲಾಚೆ:
ಚೀಟಿ ಅಂಟಿಸಿದೆ. ಕಾಲುಚೀಲ ವ್ಯಾಪಾರ ನಡೀತಿದೆ, ಈಗ ತಾನೇ ತಂದು ಎದುರಿಗೆ ಇಟ್ಟು "ಏನು ಕೊಡ್ತೀಯ" ಅನ್ನೋ ಹಾಗೆ ನೋಡ್ತಾಳೆ. ಮಗ ಮೂರರ ಆಟದಲ್ಲಿ ನಿನ್ನೆ ಮೂರು ಸುತ್ತು ಗೆದ್ದ. ಇನ್ನೊಂದೇ ಪ್ರಶ್ನೆ, ನಿಜ ಹೇಳ್ಬೇಕಂದ್ರೆ ಅವಳು ನಾರ್ತಾಳೆ. ಬಂದಾಗಿಂದ ಸ್ನಾನ ಮಾಡಿಸಿಲ್ಲ. ಈಗ ಮಾಡಿಸಬಹುದಾ?

ಸ್ಟೆತಸ್ಕೋಪ್ ಜೇಬಲ್ಲಿ:
ಕಿವಿಯ ಔಷಧಿ ಮುಗಿದು ಮರುಪರೀಕ್ಷೆ ಆಗಲಿ, ಅಲ್ಲಿವರೆಗೆ ಕಿವಿಗೆ ನೀರು ಬೇಡ. ಸದ್ಯಕ್ಕೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟವೆಲ್‌ನಿಂದ ಒರೆಸಿ, ಬೆನ್ನಿಂದ ಶುರು ಮಾಡಿ, ಮುಖ ಕೊನೆಗೆ. ಜೊತೆಗೇ ಸ್ನಾನದ ಕೋಣೆಗೆ ತಾನಾಗಿ ಬಂದರೆ ತಿನಿಸು ಕೊಟ್ಟು, ಏನೂ ಮಾಡದೆ ವಾಪಸ್ ಕಳಿಸಿ. ನೆಲ ಜಾರದ ಹಾಗೆ ರಬ್ಬರ್ ಚಾಪೆ ಹಾಕಿ, ಬಹಳ ನಾಯಿಗಳು ಹೆದರುವುದು ನೀರಿಗಲ್ಲ, ಕಾಲು ಜಾರುವುದಕ್ಕೆ. ನಾಯಿಯದೇ ಶಾಂಪೂ ತನ್ನಿ, ನಮ್ಮದು ಅವುಗಳ ಚರ್ಮಕ್ಕೆ ಆಗುವುದಿಲ್ಲ. ಪೈಪಿನಿಂದ ಚಿಮ್ಮಿಸದೆ ಮಗ್ಗಿನಲ್ಲಿ ಹೊಯ್ಯಿರಿ.

ಹೊಸಿಲಾಚೆ:
ಸರಿ ಡಾಕ್ಟ್ರೇ. ರಬ್ಬರ್ ಚಾಪೆ ತರ್ತೀನಿ. ಟವೆಲ್ ಮಾತ್ರ ಈಗಾಗಲೇ ಮೇಜಿನ ಕೆಳಗೆ ಹೋಗಿದೆ, ಅದಕ್ಕೆ ಏನು ಕೊಡಬೇಕೋ ನೋಡ್ತೀನಿ.